ಶರೀರ ಒಬ್ಬನದು, ಶಾರೀರ ಇನ್ನೊಬ್ಬನದು

‘ಸ್ಟಾರ್ ವಾರ್ಸ್’ ಚಿತ್ರಗಳ ಮುಖವಾಡದ ಖಳ ಡಾರ್ತ್ ವೇಡರ್ ಪಾತ್ರ ಮಾಡಿದವರು ಯಾರು ಎಂದು ಇಂಗ್ಲಿಷ್ ಸಿನಿಮಾ ನೋಡುವ ಯಾರನ್ನೇ ಕೇಳಿ, ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಹೆಸರು ಜೇಮ್ಸ್ ಅರ್ಲ್ ಜೋನ್ಸ್. ಆದರೆ 1977ರಲ್ಲಿ ತೆರೆಕಂಡ ಮೊದಲ ‘ಸ್ಟಾರ್ ವಾರ್ಸ್’ ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಜೋನ್ಸ್ ಇಲ್ಲವೇ ಇಲ್ಲ. ವೇಡರ್ ಪಾತ್ರದ ಎದುರು ಅಲ್ಲಿರುವುದು ಡೇವಿಡ್ ಪ್ರೌಸ್ ಎಂಬ ಹೆಸರು. ತಾನು ಮಾಡಿದ್ದು ಸ್ಪೆಷಲ್ ಎಫೆಕ್ಟ್ಸ್ ಕೆಲಸವಷ್ಟೇ, ಪಾತ್ರ ಪ್ರೌಸ್‌ನದು ಎಂದು ಹೇಳಿ, ವೇಡರ್‌ಗೆ ಕಂಠವಷ್ಟೇ ಕೊಟ್ಟಿದ್ದ ಜೋನ್ಸನೇ ತನ್ನ ಹೆಸರು ಬೇಡವೆಂದಿದ್ದ. ಪಟ್ಟಿಯಲ್ಲಿ ಹೆಸರಿದ್ದವನನ್ನು ಜನ ಮರೆತರು, ಹೆಸರು ಬೇಡವೆಂದವನನ್ನು ನೆನಪಿಟ್ಟುಕೊಂಡರು. ಇದನ್ನು ವಿಧಿಯ ಆಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ದೇಹದಿಂದ ಮಾಡುವ ಅಭಿನಯವನ್ನು ಅಭಿನಯವೆಂದೇ ಎಣಿಸದ ಒಂದು ಹಳೆಯ ಅಭ್ಯಾಸ ಸಿನಿಮಾ ಲೋಕಕ್ಕಿದೆ, ನೋಡುವ ನಮಗೂ ಇದೆ. ಬಲಶಾಲಿಯೊಬ್ಬ ಕ್ಯಾಮೆರಾ ಮುಂದೆ ಬಂದಾಗ ನಾವು ಅವನನ್ನು ನಟನೆಂದು ನೋಡುವುದಿಲ್ಲ, ಸೆಟ್ಟಿನ ಒಂದು ಭಾಗವೆಂದು ನೋಡುತ್ತೇವೆ. ಸತತ ಮೂರು ವರ್ಷ ಬ್ರಿಟನ್ನಿನ ಹೆವಿವೇಟ್ ವೇಟ್‌ಲಿಫ್ಟಿಂಗ್ ಚಾಂಪಿಯನ್ ಆಗಿ, ಆಮೇಲೆ ನಟನಾದ ಪ್ರೌಸ್‌ನ ಬದುಕು ಈ ಅಭ್ಯಾಸ ಎಷ್ಟು ತಪ್ಪು ಎಂಬುದಕ್ಕೆ ಸಾಕ್ಷಿ. ಅವನ ವಿರುದ್ಧ ಹೇಳಬಹುದಾದ ಮಾತುಗಳೂ ಇವೆ, ಅವುಗಳಲ್ಲಿ ಕೆಲವು ನಿಜ. ಅವನ್ನೂ ನೋಡೋಣ.

ಪ್ರೌಸ್ ಹುಟ್ಟಿದ್ದು 1935ರ ಜುಲೈ 1ರಂದು, ಇಂಗ್ಲೆಂಡಿನ ಪಶ್ಚಿಮ ಭಾಗದ ಬ್ರಿಸ್ಟಲ್ ನಗರದಲ್ಲಿ. ಐದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಬೆಳೆದದ್ದು ಸೌತ್‌ಮೀಡ್ ಎಂಬ ದುಡಿಯುವ ಜನರ ಬಡಾವಣೆಯಲ್ಲಿ. ಓದಿನಲ್ಲಿ ಚುರುಕಾಗಿದ್ದುದರಿಂದ ವಿದ್ಯಾರ್ಥಿವೇತನ ಸಿಕ್ಕಿ ಬ್ರಿಸ್ಟಲ್ ಗ್ರಾಮರ್ ಸ್ಕೂಲ್ ಸೇರಿದ. ಹದಿಮೂರರ ಆಸುಪಾಸಿನಲ್ಲಿ ಮೊಣಕಾಲು ಕೆಟ್ಟಿತು. ಮೂಳೆಗೆ ಕ್ಷಯ ತಗಲಿದೆ ಎಂದು ವೈದ್ಯರು ಶಂಕಿಸಿದರು. ಆಸ್ಪತ್ರೆವಾಸ, ಆಮೇಲೆ ವರ್ಷಗಟ್ಟಲೆ ಕಾಲಿಗೆ ಲೋಹದ ಪಟ್ಟಿ. ಓಟದ ಹುಡುಗನಾಗಬೇಕಿದ್ದವನು ಕುಂಟುತ್ತ ಬೆಳೆದ, ಬೆಳೆಯುತ್ತಲೇ ಹೋದ, ಆರೂವರೆ ಅಡಿ ಮುಟ್ಟಿದ. ದೇಹದಾರ್ಢ್ಯದ ಪತ್ರಿಕೆಗಳನ್ನು ನೋಡಿ ಕಬ್ಬಿಣ ಎತ್ತಲು ಶುರುಮಾಡಿದ್ದು ಆ ದಿನಗಳಲ್ಲಿ. ಗಟ್ಟಿಮುಟ್ಟಾದವರು ಗರಡಿ ಸೇರುವುದು ಲೋಕರೂಢಿ. ಇವನು ಸೇರಿದ್ದು ದೇಹ ಕೈಕೊಟ್ಟಿದ್ದಕ್ಕೆ. 1960ರಲ್ಲಿ ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಗೆ ಹೋದಾಗ ನಿನ್ನ ಪಾದಗಳು ಚೆನ್ನಾಗಿಲ್ಲ, ಇಲ್ಲಿ ನೀನು ಗೆಲ್ಲುವುದಿಲ್ಲ ಎಂದು ಹೇಳಿ ಕಳಿಸಿದರಂತೆ. ಅಂದಚೆಂದದ ಸ್ಪರ್ಧೆ ಬೇಡವೆಂದು ಭಾರ ಎತ್ತುವ ಕಣಕ್ಕೆ ಬಂದ. 1962, 1963, 1964, ಮೂರು ವರ್ಷವೂ ಬ್ರಿಟಿಷ್ ಹೆವಿವೇಟ್ ಪ್ರಶಸ್ತಿ ಅವನದೇ. 1962ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇಂಗ್ಲೆಂಡನ್ನು ಪ್ರತಿನಿಧಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರ ಎತ್ತುವುದೆಂದರೆ ಬರಿಯ ಒರಟು ಬಲದ ಪ್ರದರ್ಶನ ಎಂಬ ತಿಳಿವಳಿಕೆಯೇ ಮುಂದಿನ ತಪ್ಪಿಗೆಲ್ಲ ಮೂಲ. ಆ ಕಾಲದ ಸ್ಪರ್ಧೆಯಲ್ಲಿ ಮೂರು ಬಗೆಯ ಎತ್ತುಗಾರಿಕೆ ಇತ್ತು: ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್. ಪ್ರೆಸ್ ಅನ್ನು 1972ರ ಒಲಿಂಪಿಕ್ಸ್ ಮುಗಿದ ಮೇಲೆ ಕೈಬಿಟ್ಟರು. ಅದರಲ್ಲಿ ಸಲಾಕೆಯನ್ನು ಎದೆಯವರೆಗೆ ತಂದು, ರೆಫರಿಯ ಸನ್ನೆಗೆ ಕಾದು ನಿಲ್ಲಬೇಕು. ಸನ್ನೆ ಸಿಕ್ಕ ಮೇಲೆ ಮೊಣಕಾಲು ಬಾಗಿಸದೆ ತೋಳಬಲದಿಂದಲೇ ಮೇಲಕ್ಕೆ ನೂಕಬೇಕು. ಮೂರರಲ್ಲಿ ಯಾವುದೇ ಆದರೂ ಭಾರ ತಲೆಯ ಮೇಲೆ ಹೋದರೆ ಮುಗಿಯಲಿಲ್ಲ. ತೋಳು ನೆಟ್ಟಗೆ, ಕಾಲು ನೆಟ್ಟಗೆ, ಎರಡೂ ಪಾದ ಒಂದೇ ಸಾಲಿನಲ್ಲಿ, ಅಲುಗಾಡದೆ ನಿಂತು ತೋರಿಸಬೇಕು. ರೆಫರಿ ಇಳಿಸು ಎಂದ ಮೇಲಷ್ಟೇ ಇಳಿಸಬಹುದು. ಅಂದರೆ ಗೆಲುವು ನಿರ್ಧಾರವಾಗುವುದು ಚಲನೆಯಲ್ಲಿ ಎಷ್ಟೋ, ನಿಶ್ಚಲತೆಯಲ್ಲೂ ಅಷ್ಟೇ. ಮೈಯ ಒಂದೊಂದು ಕೀಲೂ ಎಲ್ಲಿದೆ ಎಂಬ ಎಚ್ಚರ, ಬೇಡದ ಒಂದು ಅಲುಗಾಟವೂ ಇಲ್ಲದ ಮಿತವ್ಯಯ, ದೊಡ್ಡ ಹೊರೆಯಡಿ ಮುಖ ಕದಡದ ಸಮಾಧಾನ, ಇವು ಲಿಫ್ಟರ್ ದಿನಾ ಅಭ್ಯಾಸ ಮಾಡುವ ಸಂಗತಿಗಳು. ರಂಗಶಾಲೆಯಲ್ಲಿ ನಟನಿಗೆ ವರ್ಷಗಟ್ಟಲೆ ಹೇಳಿಕೊಡುವುದೂ ಬಹುಮಟ್ಟಿಗೆ ಇದನ್ನೇ. ವೇದಿಕೆಯ ಮೇಲೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಯಾವ ಹವ್ಯಾಸಿ ನಟನನ್ನು ಕೇಳಿದರೂ ಹೇಳುತ್ತಾನೆ. ಕೈಯನ್ನು ಎಲ್ಲಿಡಬೇಕೆಂಬುದೇ ಅವನಿಗೆ ಮೊದಲ ಸಂಕಟ. ಪ್ರೌಸ್‌ಗೆ ಆ ಸಂಕಟ ಸಿನಿಮಾಕ್ಕೆ ಬರುವ ಮೊದಲೇ ಕಳೆದಿತ್ತು.

ಚಾಂಪಿಯನ್ ಪಟ್ಟದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಆ ಕಾಲದ ಬ್ರಿಟನ್ನಿಗೂ ಅನ್ವಯಿಸುತ್ತಿದ್ದ ಮಾತು. ವೇಟ್‌ಲಿಫ್ಟಿಂಗ್ ಹವ್ಯಾಸಿಗಳ ಕ್ರೀಡೆ, ಹಣವಿಲ್ಲ. ಪ್ರೌಸ್ ಈಜುಕೊಳದ ಕಾವಲು ಕಾದ, ಡಾನ್ಸ್ ಹಾಲಿನ ಬಾಗಿಲಲ್ಲಿ ನಿಂತ, ಬಲಪ್ರದರ್ಶನದ ಆಟಗಳನ್ನು ತೋರಿಸಿದ. ಸ್ಕಾಟ್ಲೆಂಡಿನ ಪೊಟಾರ್ಕ್ ಎಂಬಲ್ಲಿ ಡಿನ್ನಿ ಕಲ್ಲುಗಳೆಂಬ ಎರಡು ಬಂಡೆಗಳಿವೆ. ಎರಡೂ ಸೇರಿ 332 ಕಿಲೋಗಿಂತ ಹೆಚ್ಚು ತೂಗುತ್ತವೆ, ಎತ್ತಲು ಅವಕ್ಕೆ ಕಬ್ಬಿಣದ ಬಳೆ ಹಾಕಿದ್ದಾರೆ. 1960ರ ದಶಕದಲ್ಲಿ ಅವನ್ನು ಎತ್ತಿದವನೆಂದು ಪ್ರೌಸ್‌ನ ಹೆಸರು ಹೇಳುತ್ತಾರೆ. ಇಂಥವನನ್ನು ಸಿನಿಮಾದವರು ಕರೆದದ್ದು ಯಾವ ಪಾತ್ರಕ್ಕೆ ಎಂದು ಊಹಿಸಲು ಜಾಣತನ ಬೇಕಿಲ್ಲ. 1967ರ ‘ಕ್ಯಾಸಿನೊ ರಾಯಲ್’ನಲ್ಲಿ ಒಂದು ಕ್ಷಣಕ್ಕೆ ಫ್ರಾಂಕೆನ್‌ಸ್ಟೈನ್‌ನ ರಾಕ್ಷಸ. 1970ರಲ್ಲಿ ಹ್ಯಾಮರ್ ಸಂಸ್ಥೆಯ ಭಯಾನಕ ಚಿತ್ರದಲ್ಲಿ ಮತ್ತೆ ಅದೇ ರಾಕ್ಷಸ. 1974ರಲ್ಲಿ ಅದೇ ಸಂಸ್ಥೆಗೆ ಇನ್ನೊಮ್ಮೆ. ಹ್ಯಾಮರ್ ಚಿತ್ರಗಳಲ್ಲಿ ಆ ಪಾತ್ರವನ್ನು ಎರಡು ಸಲ ಮಾಡಿದವನು ಇವನೊಬ್ಬನೇ. ನಡುವೆ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಗೂಳಿತಲೆಯ ಮಿನೊಟಾರ್. 1974ರ ಚಿತ್ರದಲ್ಲಿ ರಾಕ್ಷಸನನ್ನು ಸೃಷ್ಟಿಸುವ ಬ್ಯಾರನ್ ಆಗಿದ್ದ ಪೀಟರ್ ಕುಶಿಂಗ್, ಮೂರೇ ವರ್ಷದಲ್ಲಿ ‘ಸ್ಟಾರ್ ವಾರ್ಸ್’ನಲ್ಲಿ ವೇಡರ್‌ಗೆ ಆಜ್ಞೆ ಕೊಡುವ ಅಧಿಕಾರಿಯಾಗಿ ಪ್ರೌಸ್‌ನ ಪಕ್ಕದಲ್ಲಿ ನಿಂತ. ಪ್ರೌಸ್‌ನ ಈ ಪಾತ್ರಗಳಲ್ಲಿ ಹೆಚ್ಚಿನವಕ್ಕೆ ಒಂದು ಸಮಾನ ಅಂಶವಿದೆ. ಮುಖಕ್ಕೆ ಮುಚ್ಚಳ, ಬಾಯಿಗೆ ಬೀಗ.

ಇದು ಪ್ರೌಸ್ ಒಬ್ಬನ ಹಣೆಬರಹವಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಬಲಶಾಲಿಗೆ ರಾಜಮರ್ಯಾದೆ ಇತ್ತು. 1914ರ ಇಟಲಿಯ ‘ಕಬೀರಿಯಾ’ ಚಿತ್ರದಲ್ಲಿ ಮಾಚಿಸ್ತೆ ಎಂಬ ಬಲಾಢ್ಯನ ಪಾತ್ರ ಮಾಡಿದ ಬಾರ್ತೊಲೊಮಿಯೊ ಪಗಾನೊ ಜಿನೋವಾ ಬಂದರಿನಲ್ಲಿ ದುಡಿಯುತ್ತಿದ್ದ ಕೂಲಿ. ಜನ ಅವನನ್ನು ಎಷ್ಟು ಮೆಚ್ಚಿದರೆಂದರೆ ಆ ಪಾತ್ರವನ್ನೇ ನಾಯಕನನ್ನಾಗಿಸಿ ವರ್ಷಗಟ್ಟಲೆ ಚಿತ್ರಗಳ ಸಾಲೇ ಬಂತು. ಯಾರೂ ಮಾತಾಡದ ಲೋಕದಲ್ಲಿ ಮೈಯ ಮಾತೇ ಮಾತು. ಅಲ್ಲಿ ಪಗಾನೊ ಯಾರಿಗೂ ಕಡಿಮೆಯಿರಲಿಲ್ಲ. ಸಿನಿಮಾಕ್ಕೆ ದನಿ ಬಂದದ್ದೇ ತಡ, ಬಲಶಾಲಿಯ ದನಿ ಹೋಯಿತು. ಒಲಿಂಪಿಕ್ಸ್ ಈಜಿನಲ್ಲಿ ಐದು ಚಿನ್ನ ಗೆದ್ದಿದ್ದ ಜಾನಿ ವೈಸ್‌ಮುಲ್ಲರ್ 1932ರಲ್ಲಿ ಟಾರ್ಜನ್ ಆದಾಗ ಅವನಿಗೆ ಕೊಟ್ಟದ್ದು ಒಂದು ಕೂಗು ಮತ್ತು ತೊದಲು ಮಾತು. 1950ರ ಮಿಸ್ಟರ್ ಯೂನಿವರ್ಸ್ ಸ್ಟೀವ್ ರೀವ್ಸ್ ಇಟಲಿಯಲ್ಲಿ 1958ರ ಹರ್ಕ್ಯುಲಿಸ್ ಚಿತ್ರದಿಂದ ಲೋಕಪ್ರಸಿದ್ಧನಾದ, ಆದರೆ ಅದರಲ್ಲಿ ಕೇಳಿಸುವುದು ಬೇರೆಯವರ ಕಂಠ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ವೇಟ್‌ಲಿಫ್ಟಿಂಗ್ ಬೆಳ್ಳಿ ಗೆದ್ದ ಹ್ಯಾರಲ್ಡ್ ಸಕಾಟ 1964ರ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ಟೋಪಿ ಎಸೆದು ಕೊಲ್ಲುವ ಆಡ್‌ಜಾಬ್, ಪಾತ್ರವೇ ಮೂಕನದು. ಆರ್ನಾಲ್ಡ್ ಶ್ವಾರ್ಜನೆಗರ್‌ನ ಮೊದಲ ಚಿತ್ರ, 1970ರ ‘ಹರ್ಕ್ಯುಲಿಸ್ ಇನ್ ನ್ಯೂಯಾರ್ಕ್’ನಲ್ಲೂ ಅವನ ಮಾತಿಗೆ ಬೇರೆಯವರ ದನಿ ಕೂಡಿಸಿ ಬಿಡುಗಡೆ ಮಾಡಿದರು. ನಮ್ಮಲ್ಲಿ ಕುಸ್ತಿಯ ದಾರಾ ಸಿಂಗ್‌ಗೆ ಇದಕ್ಕಿಂತ ಒಳ್ಳೆಯ ಯೋಗವಿತ್ತು. 1962ರ ‘ಕಿಂಗ್ ಕಾಂಗ್’ನಿಂದ ನಾಯಕನಾಗಿ ಮೆರೆದ ಆತ, ಅರವತ್ತರ ಹೊಸ್ತಿಲಲ್ಲಿ ದೂರದರ್ಶನದ ‘ರಾಮಾಯಣ’ದ ಹನುಮಂತನಾಗಿ ಕರ್ನಾಟಕದ ಮನೆಮನೆಗೂ ಬಂದ. ಅಲ್ಲಿಯೂ ಮುಖದ ಅರ್ಧ ವಾನರವೇಷದ ಅಡಿಯಲ್ಲಿ ಮುಚ್ಚಿತ್ತು ಎಂಬುದು ನಿಜ. ಆದರೂ ಆ ಭಕ್ತಿ, ಆ ವಿನಯ ಮೈಯಲ್ಲೇ ಕಾಣುತ್ತಿತ್ತು. ಬಲಶಾಲಿಗೆ ಅಭಿನಯ ಬರುವುದಿಲ್ಲ ಎನ್ನುವವರು ಮೊದಲು ಉತ್ತರ ಹೇಳಬೇಕಾದ್ದು ಆ ಹನುಮಂತನಿಗೆ.

ಪ್ರೌಸ್‌ನ ದೆಸೆ ತಿರುಗಿದ್ದು 1971ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಚಿತ್ರದಿಂದ. ಅದರಲ್ಲಿ ಗಾಲಿಕುರ್ಚಿಗೆ ಬಿದ್ದ ಲೇಖಕನೊಬ್ಬನ ಆಳಾಗಿ, ಕುರ್ಚಿಯ ಸಮೇತ ಅವನನ್ನು ಎತ್ತಿ ಮೆಟ್ಟಿಲಿಳಿಸುವ ಕೆಲಸ. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಒಂದೇ ದೃಶ್ಯವನ್ನು ಹತ್ತಾರು ಸಲ ತೆಗೆಯುವುದರಲ್ಲಿ ಪ್ರಸಿದ್ಧ ಎಂಬುದನ್ನು ನೆನೆದರೆ ಆ ಕೆಲಸದ ತೂಕ ತಿಳಿದೀತು. ಅದನ್ನು ನೋಡಿದ್ದ ನಿರ್ದೇಶಕ ಜಾರ್ಜ್ ಲೂಕಸ್ ತನ್ನ ಹೊಸ ಚಿತ್ರ ‘ಸ್ಟಾರ್ ವಾರ್ಸ್’ಗೆ ಕರೆದು ಎರಡು ಪಾತ್ರ ಮುಂದಿಟ್ಟ: ಮೈತುಂಬ ಕೂದಲಿನ ಚ್ಯೂಬಾಕಾ, ಇಲ್ಲವೇ ಖಳನಾಯಕ ವೇಡರ್. ಮೊದಲನೆಯದು ನಾಯಕನ ಗೆಳೆಯ. ಪ್ರೌಸ್ ಎರಡನೆಯದನ್ನು ಆರಿಸಿಕೊಂಡ. ಸಿನಿಮಾ ನೋಡಿದವರು ಖಳನನ್ನು ಮರೆಯುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಖಳನನ್ನು ಯಾರೂ ಮರೆಯಲಿಲ್ಲ. ಆದರೆ ಆ ಖಳ ಹಲವರ ನಡುವೆ ಪಾಲಾಗಿ ಹೋದ. ರಾಲ್ಫ್ ಮೆಕ್ವಾರಿ ಬಿಡಿಸಿದ ವಿನ್ಯಾಸ, ಬ್ರಯಾನ್ ಮ್ಯೂರ್ ರೂಪಿಸಿದ ಮುಖವಾಡ, ಜಾನ್ ಮೊಲೊ ಹೊಂದಿಸಿದ ಉಡುಪು, ಮುಳುಗುಗಾರರ ಉಸಿರಾಟದ ಸಾಧನದಿಂದ ಬೆನ್ ಬರ್ಟ್ ಧ್ವನಿಮುದ್ರಿಸಿದ ಉಸಿರು, ಜೋನ್ಸ್‌ನ ಕಂಠ. ಎರಡನೆಯ ಚಿತ್ರದಿಂದ ಕತ್ತಿವರಸೆಗೆ ಬಾಬ್ ಆ್ಯಂಡರ್ಸನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ ಕತ್ತಿವರಸೆಗಾರ. ಮೂರನೆಯದರ ಕೊನೆಯಲ್ಲಿ ಮುಖವಾಡ ಕಳಚಿದಾಗ ಕಾಣುವುದು ಹಿರಿಯ ನಟ ಸೆಬಾಸ್ಟಿಯನ್ ಶಾನ ಮುಖ. ಮೂರು ಚಿತ್ರಗಳುದ್ದಕ್ಕೂ ಆ ಕವಚ ಹೊತ್ತವನಿಗೆ ತನ್ನ ಮುಖವನ್ನು ಒಮ್ಮೆ ತೋರಿಸುವ ಅವಕಾಶವೂ ಸಿಗಲಿಲ್ಲ.

ಆರೂವರೆ ಅಡಿಯ ಯಾರನ್ನಾದರೂ ಆ ಕವಚದೊಳಗೆ ನಿಲ್ಲಿಸಿದ್ದರೆ ಸಾಕಿತ್ತಲ್ಲ, ಇದರಲ್ಲಿ ನಟನೆ ಎಲ್ಲಿ ಬಂತು ಎಂಬುದು ಮೊದಲ ಆಕ್ಷೇಪ. ಅದಕ್ಕೆ ಉತ್ತರ ಮೊದಲ ಚಿತ್ರದ ಮೊದಲ ಹತ್ತು ನಿಮಿಷದಲ್ಲಿಯೇ ಇದೆ. ಅಂತರಿಕ್ಷ ನೌಕೆಯ ಬಿಳಿ ಓಣಿ, ಸಿಡಿದ ಬಾಗಿಲು, ಹೊಗೆ. ಹೊಗೆಯೊಳಗಿಂದ ಕಪ್ಪು ಆಕೃತಿ ಬರುತ್ತದೆ, ಬಿದ್ದ ಹೆಣಗಳನ್ನೊಮ್ಮೆ ನೋಡುತ್ತದೆ, ಮುಂದೆ ಹೋಗುತ್ತದೆ. ಉಸಿರಾಟ ಬಿಟ್ಟರೆ ಒಂದು ಮಾತಿಲ್ಲ. ಆದರೂ ಇಲ್ಲಿ ಯಜಮಾನ ಯಾರು ಎಂಬ ಪ್ರಶ್ನೆ ಪ್ರೇಕ್ಷಕನಿಗೆ ಉಳಿಯುವುದಿಲ್ಲ. ಅವಸರ ಮಾಡುವವನು ಯಜಮಾನನಲ್ಲ, ಅಳುಕುವವನೂ ಅಲ್ಲ. ಆ ಹೆಜ್ಜೆ ಎರಡರ ನಡುವೆ ಕರಾರುವಾಕ್ಕಾಗಿ ಬಿದ್ದಿದೆ. ಮುಖವಾಡ ಅಲುಗದ ವಸ್ತು. ಹುಬ್ಬೇರಿಸುವಂತಿಲ್ಲ, ತುಟಿ ಕಚ್ಚುವಂತಿಲ್ಲ, ಕಣ್ಣಿಲ್ಲ. ಉಳಿದದ್ದು ಕತ್ತಿನ ಓಲು, ಭುಜದ ತಿರುವು, ಎತ್ತಿದ ಬೆರಳು, ನಡುಪಟ್ಟಿಗೆ ಸಿಕ್ಕಿಸಿದ ಕೈ. ಜೊತೆಗೆ ಒಳಗಿನ ಬೇಗೆಗೆ ಕಣ್ಣಿನ ಗಾಜು ಮಂಜಾಗಿ ಎದುರಿನದೇ ಸರಿಯಾಗಿ ಕಾಣದ ಸ್ಥಿತಿ. ಚಿತ್ರೀಕರಣದ ಹೊತ್ತಿಗೆ ಮಾತುಗಳನ್ನೆಲ್ಲ ಪ್ರೌಸ್ ತಾನೇ ಆಡುತ್ತಿದ್ದ. ಎದುರಿನ ನಟರು ಪ್ರತಿಕ್ರಿಯಿಸಿದ್ದು ಅವನಿಗೆ, ಅವನ ಲಯಕ್ಕೆ. ಜೋನ್ಸ್ ಆಮೇಲೆ ಸ್ಟುಡಿಯೊದಲ್ಲಿ ಕೂತು ಮೊದಲ ಚಿತ್ರದ ತನ್ನ ಪಾಲನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿದ. ಆಗ ಅವನ ಕಂಠ ಹಿಂಬಾಲಿಸಿದ್ದು ಆಗಲೇ ನಡೆದುಹೋಗಿದ್ದ ದೇಹವನ್ನು.

ಇದಕ್ಕಿಂತ ಗಟ್ಟಿಯಾದ ಪುರಾವೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿದೆ. ವೇಡರ್ ತಾನೇ ಕಥಾನಾಯಕ ಲ್ಯೂಕ್‌ನ ತಂದೆ ಎಂದು ಹೇಳುವ ದೃಶ್ಯ ಲೋಕಕ್ಕೆಲ್ಲ ಗೊತ್ತು. ಗುಟ್ಟು ಸೋರದಿರಲೆಂದು ಪ್ರೌಸ್‌ಗೆ ಕೊಟ್ಟ ಹಾಳೆಯಲ್ಲಿ ಬೇರೆಯೇ ಮಾತಿತ್ತು: ನಿನ್ನ ತಂದೆಯನ್ನು ಕೊಂದವನು ಓಬಿವಾನ್ (ಲ್ಯೂಕ್‌ನ ಗುರು) ಎಂದು. ನಿರ್ದೇಶಕ ಅರ್ವಿನ್ ಕರ್ಶ್ನರ್ ನಿಜವಾದ ಮಾತನ್ನು ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಮಾತ್ರ ಚಿತ್ರೀಕರಣಕ್ಕೆ ಮುನ್ನ ತಿಳಿಸಿದ್ದ. ಹೀಗೆ ಒಬ್ಬ ಒಂದು ಮಾತಾಡುತ್ತಿದ್ದಾನೆ, ಇನ್ನೊಬ್ಬ ಮನಸ್ಸಿನಲ್ಲಿ ಇನ್ನೊಂದನ್ನು ಕೇಳಿಸಿಕೊಂಡು ಕುಸಿಯುತ್ತಿದ್ದಾನೆ. ಗಾಳಿ ಬೀಸುವ ಆ ಕಿರಿದಾದ ಸೇತುವೆಯ ಮೇಲೆ ವೇಡರ್ ಕೈಚಾಚುತ್ತಾನೆ. ಆ ಕೈಯನ್ನು ಗಮನಿಸಿ. ಹೊಡೆಯುವವನ ಕೈಯಲ್ಲ, ಬೇಡುವವನದೂ ಪೂರಾ ಅಲ್ಲ. ಮೊದಲು ಅಂಗೈ ತೆರೆದು ಕರೆಯುತ್ತದೆ, ಮಾತು ಮುಂದುವರಿದಂತೆ ಮುಷ್ಟಿಯಾಗಿ ಬಿಗಿಯುತ್ತದೆ. ಮಗನನ್ನು ಪಡೆಯಬೇಕೆಂಬ ಆಸೆಯೂ ಜಗತ್ತನ್ನು ಆಳಬೇಕೆಂಬ ಆಸೆಯೂ ಒಂದೇ ಕೈಯಲ್ಲಿ ಕಾಣುತ್ತವೆ. ಸುಳ್ಳು ಮಾತು ಹೇಳಿಕೊಂಡು ಮಾಡಿದ ಅಭಿನಯಕ್ಕೆ ನಿಜದ ಮಾತು ಹೊಂದಿಕೊಂಡಿತಲ್ಲ, ಇದು ಅವನು ಬರಿಯ ಬೊಂಬೆ ಎಂಬುದಕ್ಕೇ ಸಾಕ್ಷಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಸಿನಿಮಾದಲ್ಲಿ ಯಾವ ನಟನೂ ತನ್ನ ಅಭಿನಯದ ಪೂರ್ತಿ ಒಡೆಯನಲ್ಲ. ಸಂಕಲನಕಾರನ ಕತ್ತರಿ ನಗುವನ್ನು ದುಃಖವನ್ನಾಗಿಸಬಲ್ಲದು. ಆದರೆ ಕತ್ತರಿ ಇಲ್ಲದ್ದನ್ನು ಹುಟ್ಟಿಸಲಾರದು. ಆ ದೃಶ್ಯದಲ್ಲಿ ಹುಡುಗನನ್ನು ತನ್ನ ಕಡೆಗೆ ಸೆಳೆಯಬೇಕೆಂಬ ಒತ್ತಾಸೆ ಪ್ರೌಸ್‌ನ ಮೈಯಲ್ಲಿ ಮೊದಲೇ ಇದ್ದುದರಿಂದಲೇ ಹೊಸ ಮಾತು ಅದರ ಮೇಲೆ ಕೂತದ್ದು.

ಎರಡನೆಯ ಆಕ್ಷೇಪ ಮೊದಲಿನದಕ್ಕಿಂತ ತೂಕದ್ದು: ಜೋನ್ಸ್‌ನ ಕಂಠವಿಲ್ಲದೆ ವೇಡರ್ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಪ್ರೌಸ್‌ನದು ಬ್ರಿಸ್ಟಲ್ ಕಡೆಯ ರಾಗವಾದ ಹಳ್ಳಿಗಾಡಿನ ಉಚ್ಚಾರ. ಸೆಟ್ಟಿನಲ್ಲಿ ಅವನಿಗೆ ರೈತ ವೇಡರ್ ಎಂಬರ್ಥದ ಅಡ್ಡಹೆಸರು ಬಿದ್ದಿತ್ತು. ಅವನು ಆಡಿದ ಮೂಲ ಮಾತುಗಳ ಕೆಲವು ತುಣುಕುಗಳು ಆಮೇಲೆ ಹೊರಬಂದಿವೆ. ಕೇಳಿದವರಿಗೆ ನಗು ಬರುತ್ತದೆ, ಲೂಕಸ್‌ನ ತೀರ್ಮಾನ ಸರಿ ಎಂದೂ ಅನ್ನಿಸುತ್ತದೆ. ತನ್ನ ದನಿಯನ್ನೇ ಉಳಿಸಿಕೊಳ್ಳುತ್ತಾರೆಂದು ಪ್ರೌಸ್ ನಂಬಿದ್ದ, ಕೊನೆಯವರೆಗೂ ಆ ಬೇಸರ ಹೋಗಲಿಲ್ಲ. ಬೇಸರ ಸಹಜ, ಆದರೆ ಕಲೆಯ ದೃಷ್ಟಿಯಿಂದ ಅವನ ವಾದ ನಿಲ್ಲುವುದಿಲ್ಲ. ನನ್ನ ವಾದ ಬೇರೆ. ಒಬ್ಬನ ಶರೀರಕ್ಕೆ ಇನ್ನೊಬ್ಬನ ಶಾರೀರ ಕೂಡಿಸುವುದರಲ್ಲಿ ಮೋಸವಿಲ್ಲ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್‌ಕುಮಾರ್ ಅವರೇ ತಮ್ಮ ಹಾಡುಗಳನ್ನು ಹಾಡತೊಡಗುವವರೆಗೆ ಅವರ ಎಷ್ಟೋ ಹಾಡುಗಳಿಗೆ ದನಿ ಪಿ.ಬಿ. ಶ್ರೀನಿವಾಸ್ ಅವರದು. ಆ ಹಾಡುಗಳಲ್ಲಿ ರಾಜ್ ಅಭಿನಯಿಸಲಿಲ್ಲ ಎಂದು ಯಾರೂ ಹೇಳಲಿಲ್ಲ, ಪಿಬಿಎಸ್ ಅವರನ್ನು ಯಾರೂ ಮರೆಯಲೂ ಇಲ್ಲ. ಒಂದು ಅನುಭವಕ್ಕೆ ಇಬ್ಬರು ವಾರಸುದಾರರು ಎಂಬುದನ್ನು ನಮ್ಮ ಪ್ರೇಕ್ಷಕರು ಸಹಜವಾಗಿಯೇ ಒಪ್ಪಿಕೊಂಡಿದ್ದರು. ವೇಡರ್ ವಿಷಯದಲ್ಲಿ ಲೋಕ ಮಾಡದೇ ಹೋದದ್ದು ಇಷ್ಟನ್ನೇ. ದನಿಯನ್ನು ಕಲೆಯೆಂದು ಎಣಿಸಿ ದೇಹವನ್ನು ಸಾಮಗ್ರಿಯೆಂದು ಎಣಿಸಿತು. 2016ರ ‘ರೋಗ್ ಒನ್’ ಚಿತ್ರದಲ್ಲಿ ವೇಡರ್ ಮತ್ತೆ ಬಂದಾಗ ಕವಚದೊಳಗೆ ಇಬ್ಬರು ಸರದಿಯಲ್ಲಿ ನಿಂತಿದ್ದರು. ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ಹಣದ ವಿಷಯಕ್ಕೆ ಬಂದರೆ ಕಥೆ ಇನ್ನಷ್ಟು ಒರಟು. ಮೊದಲ ಚಿತ್ರದಲ್ಲಿ ಓಬಿವಾನ್ ಆಗಿದ್ದ ಅಲೆಕ್ ಗಿನ್ನೆಸ್ ಲಾಭದಲ್ಲಿ ಸುಮಾರು 2 ಪ್ರತಿಶತ ಪಾಲಿನ ಕರಾರು ಮಾಡಿಕೊಂಡು ಶ್ರೀಮಂತನಾದ. 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರಕ್ಕೆ ತನಗೆ ಲಾಭದ ಪಾಲು ಈವರೆಗೂ ಬಂದಿಲ್ಲ, ಚಿತ್ರ ಇನ್ನೂ ಲಾಭಕ್ಕೆ ಬಂದಿಲ್ಲವೆಂದು ಆಗಾಗ ಕಾಗದ ಬರುತ್ತದೆ ಎಂದು ಪ್ರೌಸ್ 2009ರಲ್ಲಿ ಹೇಳಿದ್ದ. ಸುಮಾರು 3.25 ಕೋಟಿ ಡಾಲರ್‌ನಲ್ಲಿ ತಯಾರಾಗಿ, ಅದರ ಹತ್ತಾರು ಪಟ್ಟು ಗಳಿಸಿದ ಚಿತ್ರ ಅದು. ಇದು ಹೇಗೆ ಸಾಧ್ಯವೆಂದರೆ ಹಾಲಿವುಡ್‌ನಲ್ಲಿ ಗಳಿಕೆ ಬೇರೆ, ನಿವ್ವಳ ಲಾಭ ಬೇರೆ. ವಿತರಣೆಯ ಶುಲ್ಕ, ಜಾಹೀರಾತು, ಸಾಲದ ಬಡ್ಡಿ, ಕಚೇರಿ ವೆಚ್ಚ ಎಲ್ಲವನ್ನೂ ಆ ಚಿತ್ರದ ತಲೆಗೇ ಕಟ್ಟುತ್ತ ಹೋದರೆ ಕಾಗದದ ಮೇಲೆ ಲಾಭ ಹುಟ್ಟುವುದೇ ಇಲ್ಲ. ಚೌಕಾಸಿ ಮಾಡುವ ಶಕ್ತಿಯಿದ್ದವರು ಒಟ್ಟು ಗಳಿಕೆಯಲ್ಲಿ ಪಾಲು ಕೇಳುತ್ತಾರೆ, ಇಲ್ಲದವರು ನಿವ್ವಳಕ್ಕೆ ಸಹಿ ಹಾಕುತ್ತಾರೆ. ಮುಖವೂ ದನಿಯೂ ತೆರೆಯ ಮೇಲೆ ಇಲ್ಲದ ನಟನಿಗೆ ಚೌಕಾಸಿ ಮಾಡಲು ಉಳಿದದ್ದೇನು? ನಾಳೆ ಬೇರೆಯವನನ್ನು ಒಳಗೆ ನಿಲ್ಲಿಸುತ್ತೇವೆ ಎಂಬ ಒಂದು ಮಾತು ಸಾಕು. ಇದರಲ್ಲಿ ಪ್ರೌಸ್‌ನದೂ ಪಾಲಿದೆ ಎನ್ನುವವರಿದ್ದಾರೆ. ಅವನು ಮಾತಿನಲ್ಲಿ ಹಿಡಿತವಿಲ್ಲದವನು, ಕಥೆಯ ಗುಟ್ಟು ಪತ್ರಿಕೆಗೆ ಬಿಟ್ಟವನು ಎಂಬ ಆರೋಪ ಹೊರಿಸಿದರು; ಅವನು ಕೊನೆಯವರೆಗೂ ಅಲ್ಲಗಳೆದ. ಚಿತ್ರ ತಯಾರಿಸಿದ ಸಂಸ್ಥೆಯ ಬಗ್ಗೆ ಬಹಿರಂಗವಾಗಿ ಗೊಣಗುತ್ತಿದ್ದದ್ದಂತೂ ಹೌದು. 2010ರಲ್ಲಿ ಲೂಕಸ್‌ಫಿಲ್ಮ್ ತನ್ನ ಅಧಿಕೃತ ಅಭಿಮಾನಿ ಸಮಾವೇಶಗಳಿಗೆ ಅವನು ಬರಕೂಡದೆಂದು ಬಾಗಿಲು ಹಾಕಿತು. ಎಪ್ಪತ್ತೈದರ ಮುದುಕನಿಗೆ ಇಂಥ ಶಿಕ್ಷೆ ಬೇಕಿರಲಿಲ್ಲ. ಅಭಿನಯದ ಲೆಕ್ಕದಲ್ಲಿ ಗೊಣಗಾಟವನ್ನು ಸೇರಿಸುವುದಾದರೆ ಸಿನಿಮಾ ಇತಿಹಾಸದ ಅರ್ಧ ಪುಟಗಳನ್ನು ಹರಿದೆಸೆಯಬೇಕಾದೀತು.

ಪ್ರೌಸ್‌ಗೆ ದನಿಯೂ ಮುಖವೂ ಸಿಕ್ಕಿದ್ದರೆ ಏನು ಮಾಡುತ್ತಿದ್ದ ಎಂಬುದಕ್ಕೆ ಊಹೆ ಬೇಕಿಲ್ಲ, ಉತ್ತರ ದಾಖಲಾಗಿದೆ. ಬ್ರಿಟಿಷ್ ಸರ್ಕಾರ 1970ರಲ್ಲಿ ಮಕ್ಕಳಿಗಾಗಿ ಗ್ರೀನ್ ಕ್ರಾಸ್ ಕೋಡ್ ಎಂಬ ರಸ್ತೆ ದಾಟುವ ನಿಯಮಾವಳಿ ತಂದಿತ್ತು: ನಿಲ್ಲು, ಎರಡೂ ಕಡೆ ನೋಡು, ಕಿವಿಗೊಡು, ಯೋಚಿಸಿ ದಾಟು. ಅದನ್ನು ಮಕ್ಕಳ ತಲೆಗೆ ಹಾಕಲು 1975ರಲ್ಲಿ ಟಿವಿ ಜಾಹೀರಾತಿಗಾಗಿ ಹಸಿರು ಬಿಳಿ ಉಡುಪಿನ ಒಬ್ಬ ಸೂಪರ್‌ಹೀರೋನನ್ನು ಸೃಷ್ಟಿಸಿದರು, ಪಾತ್ರ ಪ್ರೌಸ್‌ಗೆ ಬಂತು. ತಮಾಷೆಯೆಂದರೆ ಮೊದಲ ಜಾಹೀರಾತುಗಳಲ್ಲಿ ಇಲ್ಲಿಯೂ ಅವನ ಮಾತಿಗೆ ಬೇರೆಯವರ ಕಂಠ ಕೂಡಿಸಿದರು. ಆಮೇಲೆ ಅವನ ದನಿಯನ್ನೇ ಬಿಟ್ಟರು. ವೇಡರ್‌ಗೆ ಒಗ್ಗದ ಅದೇ ಹಳ್ಳಿ ರಾಗ ಇಲ್ಲಿ ಚೆನ್ನಾಗಿ ಕೂತಿತು. ದೊಡ್ಡ ಮೈಯ ಮನುಷ್ಯನೊಬ್ಬ ಮನೆಯವನ ಹಾಗೆ ಬುದ್ಧಿ ಹೇಳಿದರೆ ಮಕ್ಕಳು ಹೆದರುವುದಿಲ್ಲ, ಉದಾಸೀನವನ್ನೂ ಮಾಡುವುದಿಲ್ಲ. ಸುಮಾರು ಹದಿನೈದು ವರ್ಷ, 1990ರವರೆಗೆ, ಪ್ರೌಸ್ ಆ ವೇಷ ತೊಟ್ಟು ಬ್ರಿಟನ್ನಿನ ಶಾಲೆ ಶಾಲೆ ಸುತ್ತಿದ. ಗಮನಿಸಬೇಕಾದ್ದೆಂದರೆ ಈ ಅವಧಿಯ ನಡುವೆಯೇ ಮೂರೂ ‘ಸ್ಟಾರ್ ವಾರ್ಸ್’ ಚಿತ್ರಗಳು ಬಂದವು. ಸಿನಿಮಾದಲ್ಲಿ ಮಗನ ಕೈ ಕತ್ತರಿಸುವ ಖಳ, ಟಿವಿಯಲ್ಲಿ ಮಕ್ಕಳನ್ನು ಲಾರಿಯಡಿ ಬೀಳದಂತೆ ತಡೆಯುವ ಮಾಮ. ಎರಡೂ ಒಂದೇ ದೇಹ. ಒಂದೇ ಎತ್ತರ, ಒಂದೇ ಭುಜ. ಒಂದರಲ್ಲಿ ಎದೆ ನಡುಗುತ್ತದೆ, ಇನ್ನೊಂದರಲ್ಲಿ ಧೈರ್ಯ ಬರುತ್ತದೆ. ದೇಹ ಬರಿಯ ಸಾಮಗ್ರಿಯಾಗಿದ್ದರೆ ಎರಡು ಕಡೆಯೂ ಒಂದೇ ಪರಿಣಾಮ ಆಗಬೇಕಿತ್ತು. ಹಾಗಾಗಲಿಲ್ಲವೆಂದರೆ ಅದನ್ನು ಬಳಸುವ ಬುದ್ಧಿಯೊಂದು ಒಳಗಿತ್ತು ಎಂದರ್ಥ. ನಟನೆ ಎಂದು ನಾವು ಕರೆಯುವುದು ಆ ಬುದ್ಧಿಯನ್ನೇ ತಾನೆ?

ಗ್ರೀನ್ ಕ್ರಾಸ್ ಕೆಲಸವೂ ಜಾಹೀರಾತೇ, ಅದನ್ನು ಕಲೆಯ ತಕ್ಕಡಿಯಲ್ಲಿ ಇಡುವುದು ಅತಿಯಾಯಿತು ಎನ್ನುವವರಿಗೆ ನನ್ನಲ್ಲಿ ಹೆಚ್ಚು ಉತ್ತರವಿಲ್ಲ, ಪ್ರೌಸ್‌ನ ಅಭಿಪ್ರಾಯ ಮಾತ್ರ ಇದೆ. ತನ್ನ ಬದುಕಿನ ಅತ್ಯುತ್ತಮ ಕೆಲಸ ಅದೇ ಎಂದು ಆತ ಮತ್ತೆ ಮತ್ತೆ ಹೇಳುತ್ತಿದ್ದ. ಅದು ವೇಡರ್ ಕುರಿತ ಮುನಿಸಿನ ಮಾತೂ ಇರಬಹುದು. ಬಲದ ವಿದ್ಯೆಯನ್ನು ಇತರರಿಗೆ ದಾಟಿಸಿದ ಕೆಲಸವನ್ನೂ ಮರೆಯಬಾರದು. ಲಂಡನ್ನಿನಲ್ಲಿ ಸ್ವಂತ ಜಿಮ್ ನಡೆಸುತ್ತಿದ್ದ ಪ್ರೌಸ್, 1978ರ ‘ಸೂಪರ್‌ಮ್ಯಾನ್’ ಚಿತ್ರಕ್ಕೆ ಬಂದ ಸಣಕಲು ಮೈಯ ಕ್ರಿಸ್ಟೊಫರ್ ರೀವ್‌ನನ್ನು ಆ ಉಡುಪು ತುಂಬುವಂತೆ ತಯಾರು ಮಾಡಿದ. ಅಲ್ಲಿಯೂ ಅವನ ಕೆಲಸ ತೆರೆಯ ಮೇಲೆ ಕಾಣುವುದು ಬೇರೊಬ್ಬನ ಮೈಯಾಗಿ. ವಯಸ್ಸಾದಂತೆ ಚಿಕ್ಕಂದಿನ ಕಾಲಿನ ಹುಳುಕು ಸಂಧಿವಾತವಾಗಿ ಮರಳಿತು, ಸೊಂಟದ ಕೀಲುಗಳನ್ನು ಬದಲಿಸಬೇಕಾಯಿತು, ಕ್ಯಾನ್ಸರ್‌ಗೂ ಚಿಕಿತ್ಸೆ ನಡೆಯಿತು. 2014ರಲ್ಲಿ, ಎಪ್ಪತ್ತೊಂಬತ್ತರಲ್ಲಿ, ಅದೇ ಹಸಿರು ಉಡುಪು ಮತ್ತೆ ತೊಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮೊಬೈಲ್ ನೋಡುತ್ತ ರಸ್ತೆ ದಾಟುವವರಿಗೆ ಬುದ್ಧಿ ಹೇಳಿದ. ಮರುವರ್ಷ ಸ್ಪೇನಿನ ಟೋನಿ ಬೆಸ್ಟಾರ್ಡ್ ಪ್ರೌಸ್ ಕುರಿತ ಸಾಕ್ಷ್ಯಚಿತ್ರ ತೆಗೆದು, ಸೆಬಾಸ್ಟಿಯನ್ ಶಾ ಪಾಲಾಗಿದ್ದ ಆ ಕೊನೆಯ ದೃಶ್ಯವನ್ನು ಪ್ರೌಸ್‌ನಿಂದಲೇ ಮಾಡಿಸಲು ಹೊರಟ. ತಡವಾಗಿ ಬಂದ ನ್ಯಾಯ ಎಂದು ಕೆಲವರು ಅದನ್ನು ಮೆಚ್ಚಿದರು. ನನಗೆ ಅದರ ಅಗತ್ಯವೇ ಕಾಣುವುದಿಲ್ಲ. ಮುಖ ತೋರಿಸಿದರಷ್ಟೇ ನಟ ಎಂಬ ಹಳೆಯ ಲೆಕ್ಕವನ್ನೇ ಅದು ಒಪ್ಪಿಕೊಂಡಂತಾಯಿತು. ಪ್ರೌಸ್ ಮಾಡಿದ ಕೆಲಸ ಮುಖವಾಡದ ಒಳಗಿದ್ದಾಗಲೇ ಪೂರ್ಣವಾಗಿತ್ತು.

ಡೇವಿಡ್ ಪ್ರೌಸ್ 2020ರ ನವೆಂಬರ್ 28ರಂದು, ತನ್ನ 85ನೆಯ ವಯಸ್ಸಿನಲ್ಲಿ ತೀರಿಕೊಂಡ. ಬ್ರಿಟನ್ನಿನ ರಾಣಿ ಅವನಿಗೆ ಎಂಬಿಇ ಗೌರವ ಕೊಟ್ಟದ್ದು 2000ದಲ್ಲಿ. ಅದು ವೇಟ್‌ಲಿಫ್ಟಿಂಗ್‌ಗಲ್ಲ, ಸಿನಿಮಾಕ್ಕೂ ಅಲ್ಲ; ರಸ್ತೆ ಸುರಕ್ಷತೆಗಾಗಿ ಮಾಡಿದ ಕೆಲಸಕ್ಕೆ.